ಒಬ್ಬ ನರ್ಸ್, ಊರ ತುಂಬ ಹಿರಿಯರು

ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಪ್ರಾಯೋಗಿಕವಾಗಿ ಶುರುವಾಗಿ, ಮರುವರ್ಷ ರಾಜ್ಯದ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. 30 ವರ್ಷ ದಾಟಿದವರ ಮನೆ ಬಾಗಿಲಿಗೇ ಹೋಗಿ ಬಿ.ಪಿ., ಶುಗರ್ ಮೊದಲಾದವನ್ನು ತಪಾಸಣೆ ಮಾಡುವುದು, ಬೇಕಾದವರಿಗೆ ಔಷಧ ಸಿಗುವಂತೆ ನೋಡುವುದು ಅದರ ಉದ್ದೇಶ. ಯೋಜನೆ ಒಳ್ಳೆಯದೇ. ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಇದು ಎಲ್ಲರಿಗಿಂತ ಹೆಚ್ಚು ಉಪಯೋಗಕ್ಕೆ ಬರಬೇಕಾದದ್ದು ಮನೆಯಲ್ಲೇ ಉಳಿದಿರುವ ಮುದುಕ, ಮುದುಕಿಯರಿಗೆ. ಮಗ ಪುಣೆಯಲ್ಲೋ, ಕೊಲ್ಹಾಪುರದ ಎಂಐಡಿಸಿಯಲ್ಲೋ ಇರುತ್ತಾನೆ. ಸೊಸೆ ಕಬ್ಬಿನ ಹೊಲಕ್ಕೆ, ನಿಪ್ಪಾಣಿ ಕಡೆಯಾದರೆ ತಂಬಾಕಿನ ಕೆಲಸಕ್ಕೆ ಹೋಗಿರುತ್ತಾಳೆ. ಹಗಲು ಹೊತ್ತಿನಲ್ಲಿ ಪಡಸಾಲೆಯಲ್ಲಿ ಕಾಣುವುದು ಹಿರಿಯರು ಮತ್ತು ಅವರ ಗುಳಿಗೆಯ ಚೀಲ.

ಯೋಜನೆಯ ಜಾಹೀರಾತಿನಲ್ಲಿ ಬಾಗಿಲು ತಟ್ಟುವ ಕೈ ಕಾಣುತ್ತದೆ. ಆ ಕೈ ಯಾರದು, ಆಕೆ ಬೆಳಗಿನಿಂದ ಎಷ್ಟನೆಯ ಬಾಗಿಲು ತಟ್ಟುತ್ತಿದ್ದಾಳೆ ಎಂಬ ಮಾತು ಮಾತ್ರ ಬರುವುದಿಲ್ಲ. ಬಯಲು ಸೀಮೆಯಲ್ಲಿ 5,000 ಜನಸಂಖ್ಯೆಗೆ ಒಂದು ಉಪಕೇಂದ್ರ, ಸುಮಾರು 1,000 ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ ಎಂಬುದು ಸರ್ಕಾರದ ಲೆಕ್ಕ. ಗರ್ಭಿಣಿಯರ ನೋಂದಣಿ, ಮಕ್ಕಳ ಚುಚ್ಚುಮದ್ದು, ಕ್ಷಯದ ಗುಳಿಗೆ, ಡೆಂಗಿ ಬಂದರೆ ಲಾರ್ವಾ ಸಮೀಕ್ಷೆ ಎಲ್ಲವೂ ಅದೇ ಆಶಾಳ ಕೆಲಸ. ಈಗ ಹಿರಿಯರ ಬಿ.ಪಿ., ಶುಗರ್ ಅದಕ್ಕೆ ಸೇರಿದೆ. ಹೊಸ ಯೋಜನೆ ಬಂದಾಗಲೆಲ್ಲ ಆಕೆಯ ಚೀಲಕ್ಕೆ ಇನ್ನೊಂದು ರಿಜಿಸ್ಟರ್ ಬರುತ್ತದೆಯೇ ಹೊರತು ಇನ್ನೊಬ್ಬ ಆಶಾ ಬರುವುದಿಲ್ಲ.

2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ರಾತ್ರಿ ಕಳೆದದ್ದನ್ನು ಟಿ.ವಿ.ಯಲ್ಲಿ ನೋಡಿದವರಿಗೆ ನೆನಪಿರಬಹುದು. ಕೇಂದ್ರ, ರಾಜ್ಯದ ಪಾಲು ಸೇರಿಸಿ ತಿಂಗಳಿಗೆ 15,000 ರೂಪಾಯಿ ನಿಗದಿ ಮಾಡಿ ಎಂಬುದು ಅವರ ಬೇಡಿಕೆ. ನಾಲ್ಕನೆಯ ದಿನ ಮುಖ್ಯಮಂತ್ರಿಗಳ ಜತೆ ಮಾತುಕತೆಯಾಗಿ, ಏಪ್ರಿಲ್‌ನಿಂದ ಕನಿಷ್ಠ 10,000 ರೂಪಾಯಿ ಖಾತರಿ ಎಂಬ ಭರವಸೆ ಸಿಕ್ಕಿತು, ಹೋರಾಟ ನಿಂತಿತು. ಸುದ್ದಿಯಲ್ಲಿ ಹಣದ ಮಾತೇ ದೊಡ್ಡದಾಯಿತು. ಆದರೆ ಅವರ ಇನ್ನೊಂದು ದೂರು ಎಂಜಿನಿಯರಿಂಗ್ ಓದುವ ನನ್ನನ್ನು ಹೆಚ್ಚು ತಟ್ಟಿತು. ಮಾಡಿದ ಕೆಲಸವನ್ನು ಪೋರ್ಟಲ್‌ಗೆ ತುಂಬಿದ ಮೇಲೆಯೇ ಪ್ರೋತ್ಸಾಹಧನ. ಪೋರ್ಟಲ್‌ನಲ್ಲಿ ಹೊಂದಾಣಿಕೆಯಾಗದಿದ್ದರೆ ಮಾಡಿದ ಕೆಲಸ ಮಾಡಿಲ್ಲದಂತೆ. ಹೆರಿಗೆಗೆ ಕೋಡ್ ಇದೆ, ಲಸಿಕೆಗೆ ಕೋಡ್ ಇದೆ. ಹಾಸಿಗೆ ಹಿಡಿದ ಅಜ್ಜಿಯ ಬಳಿ ಅರ್ಧ ತಾಸು ಕೂತು, ಗುಳಿಗೆ ಯಾವುದು ಬೆಳಿಗ್ಗೆ ಯಾವುದು ರಾತ್ರಿ ಎಂದು ಚೀಟಿ ಕಟ್ಟಿ ಕೊಟ್ಟು ಬಂದರೆ ಅದು ಯಾವ ಕಾಲಂಗೆ ಹೋಗಬೇಕು? ಮುದುಕರ ಆರೈಕೆಯ ಬಹುಪಾಲು ಇಂಥ ಕಾಲಂ ಇಲ್ಲದ ಕೆಲಸವೇ.

ಹಿರಿಯರ ಆರೈಕೆ ಎಂದರೆ ನಮಗೆಲ್ಲ ತಟ್ಟನೆ ನೆನಪಾಗುವುದು ಪ್ರೀತಿ, ಸೇವೆ, ತಾಳ್ಮೆ ಎಂಬ ಮಾತುಗಳು. ಮೇ 12ರಂದು ದಾದಿಯರ ದಿನಾಚರಣೆಯ ಭಾಷಣಗಳಲ್ಲೂ ಇವೇ ಇರುತ್ತವೆ. ಅವಕ್ಕೆ ನನ್ನ ತಕರಾರಿಲ್ಲ. ಆದರೆ ಇದು ಮೈ ಬಳಸಿ ಮಾಡುವ ಭಾರದ ಕೆಲಸ, ಆದ್ದರಿಂದ ಅದನ್ನು ಲೆಕ್ಕ ಹಾಕಬಹುದು, ಹಾಕಲೇಬೇಕು. ಒಂದು ಸಣ್ಣ ಲೆಕ್ಕ ನಾನೇ ಹಾಕಿ ನೋಡಿದೆ.

ಲಕ್ವ ಹೊಡೆದು ಮಲಗಿದವರನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನು, ಸೊಂಟದಲ್ಲಿ ಹುಣ್ಣಾಗುತ್ತದೆ ಎಂಬುದು ನರ್ಸಿಂಗ್‌ನ ಮೊದಲ ಪಾಠಗಳಲ್ಲಿ ಒಂದು. 20 ಹಾಸಿಗೆಯ ಒಂದು ಸಣ್ಣ ಆಸ್ಪತ್ರೆ ಎಂದುಕೊಳ್ಳಿ. ಅದರಲ್ಲಿ ಆರು ಜನ ತಾವಾಗಿ ಹೊರಳಲಾರದ ಹಿರಿಯರು. 12 ತಾಸಿನ ರಾತ್ರಿ ಪಾಳಿಯಲ್ಲಿ ಒಬ್ಬೊಬ್ಬರಿಗೆ ಆರು ಸಲ, ಒಟ್ಟು 36 ಸಲ ಮಗ್ಗಲು ಬದಲಿಸಬೇಕು. ಚರ್ಮ ನೋಡಿ, ಒದ್ದೆಯಾಗಿದ್ದರೆ ಚಾದರ ಸರಿಮಾಡಿ ಮಲಗಿಸಲು ಐದೇ ನಿಮಿಷ ಎಂದರೂ ಮೂರು ತಾಸು ಬೇಕು, ಅದೂ ಇಬ್ಬರು ಸೇರಿ ಮಾಡಿದರೆ. ರಾತ್ರಿ ಇರುವವರೇ ಒಬ್ಬ ನರ್ಸ್, ಒಬ್ಬ ಆಯಾ ಆದರೆ ಆ ಮೂರು ತಾಸು ಉಳಿದ 14 ಜನರನ್ನು ನೋಡುವವರು ಯಾರೂ ಇಲ್ಲ. ಸಲೈನ್, ಇಂಜೆಕ್ಷನ್, ಬೆಡ್‌ಪ್ಯಾನ್, ಹೊಸದಾಗಿ ಬಂದ ಅಪಘಾತದ ಕೇಸು ಇದರಲ್ಲಿ ಸೇರಿಲ್ಲ. ಹಾಗಾಗಿ ಆಗುವುದು ಎರಡರಲ್ಲಿ ಒಂದು: ಮಗ್ಗಲು ಬದಲಿಸುವ ಕೆಲಸ ತಪ್ಪುತ್ತದೆ, ಇಲ್ಲವೇ ಆಕೆ ಒಬ್ಬಳೇ ಎಳೆದು ಹೊರಳಿಸುತ್ತಾಳೆ.

ಒಬ್ಬಳೇ ಎಳೆದರೆ ಏನಾಗುತ್ತದೆ? ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಎನ್‌ಐಒಎಸ್‌ಎಚ್‌ನ ಸಂಶೋಧಕ ಥಾಮಸ್ ವಾಟರ್ಸ್ 2007ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ರೋಗಿಯನ್ನು ಕೈಯಿಂದ ಎತ್ತುವಾಗ ಒಬ್ಬರ ಮೇಲೆ ಬೀಳುವ ಭಾರ ಸುಮಾರು 16 ಕೆ.ಜಿ. ಮೀರಬಾರದು. ಪೆಟ್ಟಿಗೆ ಎತ್ತುವುದಕ್ಕೆ ಮಿತಿ 23 ಕೆ.ಜಿ. ಇದೆ, ಮನುಷ್ಯರಿಗೆ ಇನ್ನೂ ಕಡಿಮೆ, ಏಕೆಂದರೆ ಮನುಷ್ಯ ಪೆಟ್ಟಿಗೆಯಂತೆ ಸ್ಥಿರವಾಗಿರುವುದಿಲ್ಲ, ನೋವಾದರೆ ಜಗ್ಗುತ್ತಾನೆ, ಹೆದರಿದರೆ ಹಿಡಿದುಕೊಳ್ಳುತ್ತಾನೆ. ನಮ್ಮ ಕಡೆ ಸಕ್ಕರೆ ಕಾರ್ಖಾನೆಗಳಿಗೆ ಬರವಿಲ್ಲ. ಅಲ್ಲಿ 50 ಕೆ.ಜಿ. ಚೀಲ ಹೊರುವ ಹಮಾಲನ ಬೆನ್ನಿನ ಬಗ್ಗೆ ಮಾತಾಡಲು ಸಂಘವಾದರೂ ಇರುತ್ತದೆ. 60 ಕೆ.ಜಿ.ಯ ಅಜ್ಜನನ್ನು ರಾತ್ರಿ ಎರಡಕ್ಕೆ ಒಬ್ಬಳೇ ಹೊರಳಿಸುವ ನರ್ಸ್‌ಬಾಯಿಯ ಬೆನ್ನನ್ನು ಕೇಳುವವರಿಲ್ಲ.

ನಮ್ಮ ದೊಡ್ಡಪ್ಪನ ಮಗಳು ಜಿಎನ್‌ಎಂ ಮುಗಿಸಿ ಒಂದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಎರಡು ವರ್ಷ ಇದ್ದಳು. ಹೆಚ್ಚಿನವರು ವಯಸ್ಸಾದ ರೋಗಿಗಳೇ. ಮೂರನೆಯ ವರ್ಷ ಸೊಂಟನೋವಿಗೆ ಬೆಲ್ಟ್ ಕಟ್ಟಿಕೊಂಡು ಮನೆಗೆ ಬಂದಳು. "ಮುದುಕರ ಹೊಲಸು ಬಳಿಯೂದು ಬ್ಯಾಸರ ಆತೇನಕ್ಕಾ?" ಎಂದು ಕೇಳಿದ್ದಕ್ಕೆ ಆಕೆ ಸಿಟ್ಟಿನಿಂದ, "ಮುದುಕರು ಬ್ಯಾಸರ ಆಗಲಿಲ್ಲೋ ತಮ್ಮಾ. ಎಲ್ಲಾ ಒಬ್ಬಾಕೀನ ಮಾಡೂದು ಬ್ಯಾಸರ ಆತು. ಒಂದ್ ದಿನಾ ರಜಾ ಕೇಳಿದ್ರ ನಿನ್ನ ಡ್ಯೂಟಿ ಯಾರ ಮಾಡ್ತಾರ ಅಂತ ನನ್ನನ್ನ ಕೇಳ್ತಿದ್ರು" ಎಂದಳು.

ರಜೆ ಕೇಳಿದವಳೇ ಬದಲಿ ಆಳು ಹುಡುಕಬೇಕು! ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಲ್ಲಿ ಇದಕ್ಕೆ ಉತ್ತರ ಎಂದೋ ಬರೆದಿಟ್ಟಿದ್ದಾರೆ. ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐವರು ರೋಗಿಗಳಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು, ಅದರ ಮೇಲೆ ಶೇ 30ರಷ್ಟು ರಜಾ ಮೀಸಲು. ಅಂದರೆ ದಿನಾ ಹತ್ತು ಜನ ಕೆಲಸಕ್ಕೆ ಬೇಕಾದರೆ ಹದಿಮೂರು ಜನರನ್ನು ನೇಮಿಸಬೇಕು. ಆ ಮೂವರು 'ಹೆಚ್ಚುವರಿ' ಅಲ್ಲ. ಕಾರ್ಖಾನೆಯಲ್ಲಿ ಬಾಯ್ಲರ್‌ಗೆ ನೀರೊದಗಿಸುವ ಪಂಪಿಗೆ ಸ್ಟ್ಯಾಂಡ್‌ಬೈ ಪಂಪ್ ಇಟ್ಟೇ ಹಂಗಾಮು ಶುರು ಮಾಡುತ್ತಾರೆ. ಅದು ಸುಮ್ಮನೆ ನಿಂತಿದೆ, ತೆಗೆದು ಮಾರೋಣ ಎಂದು ಯಾವ ಮ್ಯಾನೇಜರನೂ ಹೇಳುವುದಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ಸ್ಟ್ಯಾಂಡ್‌ಬೈ ದಂಡದ ಖರ್ಚಾಗಿ ಕಾಣುತ್ತದೆ.

ಸಂಬಳದ ಮಾತನ್ನೂ ಬಿಡುವಂತಿಲ್ಲ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸ್ಥಿತಿ ನೋಡಲು ಸಮಿತಿ ರಚಿಸುವಂತೆ ಸುಪ್ರೀಂ ಕೋರ್ಟ್ 2016ರ ಜನವರಿ 29ರಂದು ಕೇಂದ್ರಕ್ಕೆ ಹೇಳಿತ್ತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ, 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಆ ಸಮಿತಿ ಶಿಫಾರಸು ಮಾಡಿತು. ನಮ್ಮ ತಾಲ್ಲೂಕುಗಳಲ್ಲಿರುವವು ಬಹುತೇಕ ಈ ಸಣ್ಣ ವರ್ಗದ ಆಸ್ಪತ್ರೆಗಳು. ಅಕ್ಕನಿಗೆ ಸಿಗುತ್ತಿದ್ದದ್ದು ಅದರ ಅರ್ಧಕ್ಕಿಂತ ತುಸು ಮೇಲೆ. ಶಿಫಾರಸು ಬಂದು ಇಷ್ಟು ವರ್ಷವಾದ ಮೇಲೂ ಹೀಗಿದ್ದರೆ ಅದನ್ನು ಶಿಫಾರಸು ಅನ್ನಬೇಕೋ, ಆಸೆ ಅನ್ನಬೇಕೋ ತಿಳಿಯದು.

'ಸರ್ಕಾರಿ ದವಾಖಾನೆ ನರ್ಸ್‌ಬಾಯಿಗೆ ಭಾಳ ಸೊಕ್ಕು' ಎಂಬ ಮಾತನ್ನು ನಮ್ಮ ಬಸ್ ಸ್ಟ್ಯಾಂಡ್‌ಗಳಲ್ಲಿ ದಿನಾ ಕೇಳಬಹುದು. ಕೆಲವರಿಗೆ ನಿಜವಾಗಿಯೂ ಸೊಕ್ಕಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 'ಬರ್ನ್‌ಔಟ್' ಎಂಬುದನ್ನು ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ವಿವರಿಸಿ ಮೂರು ಲಕ್ಷಣ ಹೇಳಿತು: ಸುಸ್ತು ಹೋಗದಿರುವುದು, ಕೆಲಸದ ಬಗ್ಗೆ ಮನಸ್ಸು ದೂರವಾಗಿ ಕಹಿಯಾಗುವುದು, ತನ್ನಿಂದ ಏನೂ ಆಗುತ್ತಿಲ್ಲ ಎನಿಸುವುದು. ನಾವು ಸೊಕ್ಕು ಎನ್ನುವುದು ಎಷ್ಟೋ ಸಲ ಈ ಎರಡನೆಯ ಲಕ್ಷಣ. ಮುದುಕರ ಆರೈಕೆಯಲ್ಲಿ ಮೂರನೆಯದು ಇನ್ನೂ ಜೋರು. ಹೆರಿಗೆ ವಾರ್ಡಿನಲ್ಲಿ ಮಗು ಎತ್ತಿಕೊಂಡು ಮನೆಗೆ ಹೋಗುತ್ತಾರೆ, ಪೇಢೆ ಹಂಚುತ್ತಾರೆ. 80ರ ಅಜ್ಜನನ್ನು ಎಷ್ಟು ಚೆನ್ನಾಗಿ ನೋಡಿಕೊಂಡರೂ ಆತ ಮೊದಲಿನಂತೆ ಆಗುವುದಿಲ್ಲ, ಪೇಢೆಯೂ ಬರುವುದಿಲ್ಲ. ಅಂಥ ಕಡೆ 'ನೀ ಮಾಡಿದ್ದು ಸರಿ ಇತ್ತು' ಎಂದು ಹೇಳುವ ಜೊತೆಗಾರ್ತಿ ಬೇಕೇ ಬೇಕು. ಪಾಳಿಯಲ್ಲಿ ಒಬ್ಬಳೇ ಇದ್ದವಳಿಗೆ ಅದನ್ನು ಹೇಳುವವರು ಯಾರು?

ಇನ್ನು ನಮ್ಮ ಗಡಿಭಾಗಕ್ಕೇ ವಿಶೇಷವಾದ ಒಂದು ತೊಡಕಿದೆ. ಕಾಗವಾಡದಿಂದ ಮಿರಜ್ ಹತ್ತಿರ, ಬೆಳಗಾವಿ ನೂರು ಕಿಲೋಮೀಟರ್‌ಗೂ ದೂರ. ವಿಲಿಯಂ ವಾನ್ಲೆಸ್ 1890ರ ದಶಕದಲ್ಲಿ ಮಿರಜ್‌ನಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದ ಕಾಲದಿಂದ ನಮ್ಮ ಹಿರಿಯರ ಕಾಲು ಅತ್ತಲೇ ತಿರುಗುತ್ತವೆ. ನಿಪ್ಪಾಣಿಯವರದು ಕೊಲ್ಹಾಪುರದ ಕಡೆಗೆ. ಚಿಕಿತ್ಸೆ ಮಹಾರಾಷ್ಟ್ರದಲ್ಲಿ, ಆಮೇಲಿನ ಆರೈಕೆ ಕರ್ನಾಟಕದ ಉಪಕೇಂದ್ರದ ಪಾಲಿಗೆ. ಎರಡರ ನಡುವೆ ಸೇತುವೆ ಎಂದರೆ ರೋಗಿಯ ಕೈಯಲ್ಲಿನ ಡಿಸ್‌ಚಾರ್ಜ್ ಕಾರ್ಡ್ ಒಂದೇ. ನಮ್ಮ ಮುತ್ಯಾಗೆ ಲಕ್ವ ಹೊಡೆದಾಗ ಗಡಿಯಾಚೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಮನೆಗೆ ಬಂದ. ಕಾರ್ಡ್ ಪೂರ್ತಿ ಇಂಗ್ಲಿಷ್. ಗುಳಿಗೆಗಳ ಹೆಸರಿದ್ದವು, ಮಗ್ಗಲು ಬದಲಿಸಿ ಎಂಬುದು ಎರಡೇ ಅಕ್ಷರದ ಸಂಕ್ಷಿಪ್ತ ರೂಪದಲ್ಲಿ ಒಂದು ಮೂಲೆಯಲ್ಲಿತ್ತು. ಊರಿನ ಆಶಾಗೆ ಆತ ಮನೆಗೆ ಬಂದದ್ದೇ ಗೊತ್ತಿಲ್ಲ, ಯಾರೂ ತಿಳಿಸುವ ವ್ಯವಸ್ಥೆಯಿಲ್ಲ. ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದಾಕೆ ಹನ್ನೆರಡನೆಯ ದಿನ ನಮ್ಮ ಪಡಸಾಲೆಗೂ ಹಣಿಕಿ ಹಾಕಿ, ಅಂಗಿ ಎತ್ತಿ ನೋಡಿದಾಗ ಸೊಂಟದ ಕೆಳಗೆ ಹುಣ್ಣು ಆಗಲೇ ರೂಪಾಯಿ ಅಗಲ ಆಗಿತ್ತು. ಅದು ಮಾಯಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳು ನಮ್ಮವ್ವನ ರಾತ್ರಿಗಳೂ ಹೋದವು.

ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ರೋಗಿಯನ್ನು ಒಪ್ಪಿಸುವುದಕ್ಕೆ ನರ್ಸಿಂಗ್‌ನಲ್ಲಿ ಎಸ್‌ಬಿಎಆರ್ ಎಂಬ ಪದ್ಧತಿ ಇದೆ. ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನಿಸುತ್ತದೆ, ನೀವು ಏನು ಮಾಡಬೇಕು ಎಂಬ ನಾಲ್ಕು ಸಾಲು. ಇದು ಹುಟ್ಟಿದ್ದು ಅಮೆರಿಕದ ನೌಕಾಪಡೆಯ ಅಣುಶಕ್ತಿ ಸಬ್‌ಮರೀನ್‌ಗಳಲ್ಲಿ, ಆಮೇಲೆ ಆಸ್ಪತ್ರೆಗೆ ಬಂತು. ಸಬ್‌ಮರೀನ್‌ನಿಂದ ಆಸ್ಪತ್ರೆಗೆ ಬಂದದ್ದು ಆಸ್ಪತ್ರೆಯಿಂದ ಒಂದು ಹಳ್ಳಿಯ ಉಪಕೇಂದ್ರಕ್ಕೆ ಬರಲಾರದೇ? ನಾಲ್ಕು ಸಾಲು, ಕನ್ನಡದಲ್ಲಿ ಮತ್ತು ಮರಾಠಿಯಲ್ಲಿ, ಆಶಾ ಕಾರ್ಯಕರ್ತೆಯ ಮೊಬೈಲ್‌ಗೆ. ಭಾಷೆಯ ಮಾತು ಬಂದಾಗ ನಮ್ಮಲ್ಲಿ ಜಗಳವೇ ಮೊದಲು ನೆನಪಾಗುತ್ತದೆ. ಹಾಸಿಗೆ ಹಿಡಿದ ಮುದುಕಿಗೆ ತನ್ನ ನೋವನ್ನು ಯಾವ ಭಾಷೆಯಲ್ಲಿ ಹೇಳಲು ಬರುತ್ತದೋ ಅದೇ ಭಾಷೆ ಸಾಕು ಎಂಬಷ್ಟಕ್ಕಾದರೂ ಎರಡೂ ಕಡೆಯವರು ಒಪ್ಪಬಹುದು.

ತಂಡವಾಗಿ ಕೆಲಸ ಮಾಡುವುದು ನಮ್ಮವರಿಗೆ ಬರುವುದಿಲ್ಲವೆಂದಲ್ಲ. 2021ರ ಜುಲೈನಲ್ಲಿ ಕೃಷ್ಣೆ ಉಕ್ಕಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ಕಲ್ಲೋಳ–ಯಡೂರ ಸೇತುವೆ, ಕುಡಚಿ–ಉಗಾರ ಸೇತುವೆ ಮುಳುಗುವುದು ನಮಗೆ ಹೊಸದಲ್ಲ. 2019ರ ಆಗಸ್ಟ್‌ನ ಮಹಾಪೂರವನ್ನೂ ಕಂಡವರು ನಾವು. ನಮ್ಮ ಶಾಲೆಯೇ ಕಾಳಜಿ ಕೇಂದ್ರವಾಗಿತ್ತು. ಅಲ್ಲಿ ಮೂವರು ಆಶಾ ಕಾರ್ಯಕರ್ತೆಯರು, ಒಬ್ಬ ಎಎನ್‌ಎಂ ಇದ್ದರು. ಯಾರೂ ಆದೇಶ ಕೊಟ್ಟಿರಲಿಲ್ಲ. ಎಂಟನೆಯ ತರಗತಿಯ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಮನೆ ಹಾಕಿ, ಅಜ್ಜ–ಅಜ್ಜಿಯರ ಹೆಸರು, ಯಾರಿಗೆ ಶುಗರ್, ಯಾರಿಗೆ ಬಿ.ಪಿ., ಯಾವ ಹೊತ್ತಿಗೆ ಗುಳಿಗೆ, ಕೊಟ್ಟವರು ಯಾರು ಎಂದು ಬರೆದಿದ್ದರು. ಅದರ ಕೆಳಗೆ ಇನ್ನೊಂದು ಸಾಲು ಇತ್ತು: ಇಂದು ರಾತ್ರಿ ಮಲಗುವವರು ಯಾರು, ಎಚ್ಚರ ಇರುವವರು ಯಾರು. ಇಬ್ಬರ ಸ್ವಂತ ಮನೆಗಳೂ ನೀರಲ್ಲಿದ್ದವು. ಹಾಗಿದ್ದೂ ಸರದಿ ತಪ್ಪಲಿಲ್ಲ. ಒಬ್ಬಾಕೆಗೆ ಜ್ವರ ಬಂದಾಗ ಹಲಗೆ ಮೇಲೆ ಹೆಸರು ಅಳಿಸಿ ಇನ್ನೊಬ್ಬರ ಹೆಸರು ಬರೆದರು, ಅಷ್ಟೇ. ನಮ್ಮ ಗಣಿತದ ಸರ್, ಈ ಹಲಗೆ ಒರೆಸಬೇಡಿ ಎಂದು ಹುಡುಗರಿಗೆ ತಾಕೀತು ಮಾಡಿದ್ದರು.

ನೀರು ಇಳಿಯಿತು, ಶಾಲೆ ಶುರುವಾಯಿತು, ಹಲಗೆ ಒರೆಸಲಾಯಿತು. ಆ ನಾಲ್ವರೂ ತಮ್ಮ ತಮ್ಮ ವಾರ್ಡು, ತಮ್ಮ ತಮ್ಮ ರಿಜಿಸ್ಟರಿಗೆ ಮರಳಿ ಒಬ್ಬೊಬ್ಬರೇ ಆದರು. ಕೆಲಸವನ್ನು ಜನರ ತಲೆ ಎಣಿಸಿ ಹಂಚಿರುವುದರಿಂದ, ಪಕ್ಕದ ವಾರ್ಡಿನ ಆಶಾಗೆ ಸಹಾಯ ಮಾಡಿದರೆ ತನ್ನ ಗುರಿ ಕುಸಿಯುತ್ತದೆ. ಪ್ರೋತ್ಸಾಹಧನದ ಲೆಕ್ಕವೇ ಅವರನ್ನು ಬೇರೆ ಬೇರೆ ಮಾಡಿದೆ.

ಕಾಗದದ ಮೇಲೆ ವ್ಯವಸ್ಥೆ ಇಲ್ಲದಿಲ್ಲ. ಹಿರಿಯರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮ 2010–11ರಲ್ಲೇ ಶುರುವಾಗಿದೆ. ಅದರಂತೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನ ಹಿರಿಯರ ಕ್ಲಿನಿಕ್, ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆ ಎರಡು ಸಲ, ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಯ ವಾರ್ಡು, ಹಾಸಿಗೆ ಹಿಡಿದವರಿಗೆ ಮನೆಭೇಟಿ. 2024ರ ಅಕ್ಟೋಬರ್‌ನಿಂದ 70 ದಾಟಿದವರಿಗೆಲ್ಲ ಆಯುಷ್ಮಾನ್ ವಿಮೆಯೂ ಘೋಷಣೆಯಾಗಿದೆ. ವಿಮೆ ಆಸ್ಪತ್ರೆಯ ಬಿಲ್ಲು ಕಟ್ಟುತ್ತದೆ. ಆಸ್ಪತ್ರೆಯಿಂದ ಬಂದ ಮೇಲಿನ ನಾಲ್ಕು ತಿಂಗಳಿಗೆ ಬೇಕಾದದ್ದು ಮನುಷ್ಯರು.

ಕೇರಳದಲ್ಲಿ ಇದನ್ನು ಬೇರೆ ರೀತಿ ಮಾಡಿದ್ದಾರೆ. 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಉಪಶಾಮಕ ಆರೈಕೆಯ ಸೊಸೈಟಿ ಶುರುವಾಯಿತು, ಮಲಪ್ಪುರಂನ ಹಳ್ಳಿಗಳಲ್ಲಿ ನೆರೆಹೊರೆಯವರ ಜಾಲವಾಗಿ ಬೆಳೆಯಿತು, 2008ರಲ್ಲಿ ರಾಜ್ಯವೇ ನೀತಿ ರೂಪಿಸಿತು. ಈಗ ಪಂಚಾಯಿತಿಯ ಹಣದಿಂದ ನರ್ಸ್ ಇರುತ್ತಾಳೆ, ಆಕೆ ಹಾಸಿಗೆ ಹಿಡಿದವರ ಮನೆಗೆ ಹೋಗುವಾಗ ಜತೆಯಲ್ಲಿ ಆಶಾ, ಊರಿನ ಸ್ವಯಂಸೇವಕರು ಹೋಗುತ್ತಾರೆ. ಎತ್ತಲು ಇನ್ನೆರಡು ಕೈ, ಅಳು ಬಂದರೆ ಮಾತಾಡಲು ಇನ್ನೊಬ್ಬರು. ನೆದರ್ಲೆಂಡ್ಸ್‌ನಲ್ಲಿ ಯೋಸ್ ದೆ ಬ್ಲೋಕ್ ಎಂಬ ನರ್ಸ್ 2006ರಲ್ಲಿ ಕಟ್ಟಿದ ಬುರ್ಟ್‌ಝೋರ್ಗ್ ಸಂಸ್ಥೆಯಲ್ಲಿ ಹೆಚ್ಚೆಂದರೆ 12 ನರ್ಸ್‌ಗಳ ಒಂದೊಂದು ತಂಡ ಒಂದೊಂದು ಬಡಾವಣೆಯನ್ನು ನೋಡಿಕೊಳ್ಳುತ್ತದೆ. ಸರದಿ, ರಜೆ, ಯಾರ ಮನೆಗೆ ಯಾರು ಎಂಬುದನ್ನೆಲ್ಲ ತಂಡವೇ ನಿರ್ಧರಿಸುತ್ತದೆ, ಮೇಲೆ ಮ್ಯಾನೇಜರ್ ಇಲ್ಲ. ನನಗೆ ಅದನ್ನು ಓದಿದಾಗ ನೆನಪಾದದ್ದು ನಮ್ಮ ಎಂಟನೆಯ ತರಗತಿಯ ಹಲಗೆ.

ಶ್ರೀಮಂತ ದೇಶದ್ದು ನಮಗೆ ಹೊಂದುವುದಿಲ್ಲ, ದುಡ್ಡೆಲ್ಲಿದೆ ಎಂದು ಹೇಳುವವರಿದ್ದಾರೆ. ಅರ್ಧ ನಿಜ. ರಜಾ ಮೀಸಲಿಗೆ ದುಡ್ಡು ಬೇಕು, ಅದರಲ್ಲಿ ಕಳ್ಳದಾರಿ ಇಲ್ಲ. ಆದರೆ ಅಕ್ಕಪಕ್ಕದ ಮೂರು ವಾರ್ಡಿನ ಆಶಾಗಳಿಗೆ ಹಿರಿಯರ ಕೆಲಸದ ಗುರಿಯನ್ನು ಒಟ್ಟಾಗಿ ಕೊಡಲು ಹೊಸ ಅನುದಾನ ಬೇಕಿಲ್ಲ. ಹಾಸಿಗೆ ಹಿಡಿದವರ ಮನೆಗೆ ಇಬ್ಬರು ಸೇರಿ ಹೋಗಿ ಎಂಬ ಸುತ್ತೋಲೆಗೂ ಬೇಕಿಲ್ಲ. ಗಡಿಯಾಚೆಯಿಂದ ಡಿಸ್‌ಚಾರ್ಜ್ ಆದವರ ಮಾಹಿತಿ ತಾಲ್ಲೂಕು ಆರೋಗ್ಯಾಧಿಕಾರಿಗೆ ತಲುಪುವಂತೆ ಮಾಡುವುದು ಎರಡು ಜಿಲ್ಲಾಡಳಿತಗಳು ಒಮ್ಮೆ ಕೂತು ಮಾತಾಡಿದರೆ ಆಗುವ ಕೆಲಸ; ಪ್ರವಾಹದ ಕಾಲದಲ್ಲಿ ಕೊಯ್ನಾದಿಂದ ಎಷ್ಟು ನೀರು ಬಿಟ್ಟರು ಎಂಬ ಲೆಕ್ಕ ಗಡಿ ದಾಟಿ ಬರುತ್ತದಲ್ಲ, ಹಾಗೆ.

2011ರ ಜನಗಣತಿಯಲ್ಲಿ ದೇಶದಲ್ಲಿ 60 ದಾಟಿದವರು 10.4 ಕೋಟಿ ಇದ್ದರು. 2036ಕ್ಕೆ 22 ಕೋಟಿ ಮೀರುತ್ತಾರೆಂಬುದು ಸರ್ಕಾರದ್ದೇ ತಜ್ಞರ ಅಂದಾಜು. ಆಗ ನನಗೆ ಮೂವತ್ತರ ಆಸುಪಾಸು, ನನ್ನ ಅಪ್ಪ–ಅವ್ವ ಆ ಪಟ್ಟಿಯಲ್ಲಿರುತ್ತಾರೆ. ನಾನು ಬಹುಶಃ ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತೇನೆ, ನನ್ನ ತರಗತಿಯ ಬಹುತೇಕರಂತೆ.

ಅಕ್ಕನ ಸೊಂಟ ಈಗ ಸುಧಾರಿಸಿದೆ. ಆಕೆ ಮೊಬೈಲ್‌ನಲ್ಲಿ ಜಪಾನಿ ಭಾಷೆ ಕಲಿಯುತ್ತಿದ್ದಾಳೆ. 2021ರ ಜನವರಿಯಲ್ಲಿ ಭಾರತ, ಜಪಾನ್ ನಡುವೆ ಆದ ಒಪ್ಪಂದದ ಪ್ರಕಾರ ಅಲ್ಲಿನ ವೃದ್ಧರ ಆರೈಕೆ ಕೆಲಸಕ್ಕೆ ನಮ್ಮವರು ಹೋಗಬಹುದು. "ಅಲ್ಲೂ ಮುದುಕರ ಕೆಲಸಾನ ಅಲ್ಲೇನಕ್ಕಾ?" ಎಂದರೆ, "ಹೌದು. ಆದ್ರ ಅಲ್ಲಿ ಎತ್ತಾಕ ಮಷಿನ್ ಐತಂತ, ರಜಾ ಹಾಕಿದ್ರ ಬದಲಿ ಆಳ ಅವರ ಕಳಸ್ತಾರಂತ" ಎನ್ನುತ್ತಾಳೆ. ಜಪಾನ್‌ನಲ್ಲಿ ಎಲ್ಲವೂ ಸರಿ ಇದೆಯೆಂದು ನಾನು ನಂಬಿಲ್ಲ. ಆದರೆ ಆಕೆ ಹೋಗುವುದಕ್ಕೆ ಹೇಳುತ್ತಿರುವ ಎರಡೂ ಕಾರಣಗಳನ್ನು ಚಿಕ್ಕೋಡಿಯಲ್ಲೇ ಇಲ್ಲದಂತೆ ಮಾಡಬಹುದಿತ್ತು. ನಮ್ಮ ತಾಲ್ಲೂಕಿನ ಮುಂದಿನ ಕೆಡಿಪಿ ಸಭೆಯಲ್ಲಿ ಆರೋಗ್ಯ ಇಲಾಖೆಯ ಸರದಿ ಬಂದಾಗ ಎಷ್ಟು ಹಿರಿಯರ ಬಿ.ಪಿ. ನೋಡಿದಿರಿ ಎಂದು ಶಾಸಕರು ಕೇಳಿಯೇ ಕೇಳುತ್ತಾರೆ. ನೋಡಿದಾಕೆ ಕಳೆದ ಬಾರಿ ರಜೆ ಹಾಕಿದ್ದು ಯಾವಾಗ, ಅಂದು ಆಕೆಯ ಬದಲು ಯಾರು ಹೋದರು ಎಂದೂ ಯಾರಾದರೂ ಕೇಳಲಿ.